ಗಡಸು ದನಿ

ಲಿವರ್ ಕಾಯಿಲೆ ಮೆದುಳಿಗೂ ತಟ್ಟಿದೆಯೇ ಎಂದು ನೋಡುವ ಪರೀಕ್ಷೆ ಅದು. ಯಂತ್ರದೊಳಗಿನ ಬೆಳಕು ಮೊದಲು ಒಂದೇ ಸಮ ಉರಿಯುವಂತೆ ಕಾಣುತ್ತದೆ. ಅದು ಮಿಣಮಿಣ ಎನ್ನತೊಡಗಿದ್ದು ಕಂಡ ಕೂಡಲೇ ಗುಂಡಿ ಒತ್ತಬೇಕು. ತಡವಾದರೆ ಮೆದುಳು ಮಂಕಾಗಿದೆ ಎಂದರ್ಥ.

ಪುಟ್ಟತಾಯಮ್ಮ ಕಣ್ಣು ನೆಟ್ಟು ಕೂತೇ ಇದ್ದರು. ಪರೀಕ್ಷೆ ಮಾಡುವ ವಾಮನನ ನಾಲಿಗೆ ತುರಿಸಿತು. ನರ್ಸನ್ನು ನಗಿಸಲೆಂದು ದೊಡ್ಡ ಡಾಕ್ಟರ ಗಡಸು ದನಿ ತೆಗೆದ.

"ಏನಮ್ಮಾ, ಇಲ್ಲೇ ಸಂಸಾರ ಹೂಡ್ತೀಯಾ?"

ಆಕೆ ಬೆಚ್ಚಿಬಿದ್ದು ಗುಂಡಿ ಒತ್ತಿಬಿಟ್ಟರು. ನರ್ಸ್ ಕಿಸಕ್ಕೆಂದಳು. ಅಂಕಿ ಮಾತ್ರ ಆರೋಗ್ಯವಂತರದ್ದು ಬಂತು.

"ತಲೆಗೇನೂ ಆಗಿಲ್ಲ ಅಂತ ಬಂತೇನಪ್ಪಾ? ಹಾಗಿದ್ರೆ ಈಗ ತಗೊಳ್ತಿರೋ ಮಾತ್ರೆ ಇನ್ನು ಬೇಡ ಅಲ್ವಾ?"

ಆಕೆ ಕೈ ಮುಗಿದು, ರಿಪೋರ್ಟ್ ಹಿಡಿದು ಹೊರಟರು. ಊಟದ ಹೊತ್ತಿಗೆ ವಾಮನ ತೆರೆದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟ. ನಿಜ ಹೇಳಿದರೆ ತನ್ನ ಕೆಲಸಕ್ಕೆ ಕುತ್ತು. ಸುಮ್ಮನಿದ್ದರೆ ಪಾಪ, ಆ ಹೆಂಗಸಿಗೆ ಬೇಕಾದ ಮದ್ದೇ ನಿಂತುಹೋಗುತ್ತದೆ. ಎರಡೂ ತಪ್ಪಿಸಲು ಅವನಿಗೆ ಹೊಳೆದದ್ದು ಒಂದೇ ದಾರಿ. ಇಷ್ಟೊತ್ತಿಗೆ ಆಕೆ ಬಸ್ ಹತ್ತಿರಬೇಕು ಎಂದುಕೊಂಡು, ಆಕೆಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಮತ್ತೆ ಅದೇ ದನಿ ತೆಗೆದ.

"ಏನಮ್ಮಾ, ನಾನು ಡಾಕ್ಟ್ರು ಮಾತಾಡ್ತಿರೋದು. ಆ ಬೆಳಕಿನ ಪರೀಕ್ಷೆ ಸರಿಯಾಗಿಲ್ಲ. ನಾಳೆ ಬಂದು ಇನ್ನೊಂದ್ಸಲ ಮಾಡಿಸ್ಕೋ. ಅಲ್ಲೀವರೆಗೂ ಮಾತ್ರೆ ನಿಲ್ಲಿಸ್ಬೇಡ."

ಆ ಕಡೆಯಿಂದ ಅವನ ದನಿಗಿಂತ ಇನ್ನಷ್ಟು ಗಡಸಾದ ದನಿ ಕೇಳಿಸಿತು.

"ಆಗ್ಲಿ ಡಾಕ್ಟ್ರೇ. ಈಯಮ್ಮ ನನ್ನ ಎದುರಿಗೇ ಕೂತಿದ್ದಾರೆ, ಈಗ್ಲೇ ಕರ್ಕೊಂಡು ಬರ್ತೀನಿ."