ಹಿಂದಕ್ಕೆ ಬಾರದ ಕುದುರೆ

2025ರ ನವೆಂಬರ್ 16, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಎರಡು ನಿಮಿಷ. ಚೆಸ್ ಟೂರ್ನಿಯ ಕೊನೆಯ ಸುತ್ತಿನ ಮೊದಲನೇ ಮೇಜಿನಲ್ಲಿ ಗುಬ್ಬಿ ತನ್ನ ಎರಡನೇ ನಡೆಯಾಗಿ ಅಂಚಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದಳು. ಗುಬ್ಬಿಯ ಎದುರು ಕೂತಿದ್ದ ಅಮ್ಮನ ಆಟ ನೋಡಲು ಹಗ್ಗದ ಈಚೆ ನಿಂತಿದ್ದ ಮಗಳು ಮುಂದಕ್ಕೆ ಬಾಗಿ ಹಲಗೆಯನ್ನು ಮತ್ತೊಮ್ಮೆ ನೋಡಿದಳು.

ಅಮ್ಮನಿಗೆ ಬೇಕಿದ್ದದ್ದು ಒಂದು ಡ್ರಾ. ಅಷ್ಟಾದರೆ, ಕನ್ನಡಕದಂಗಡಿ ನಡೆಸುತ್ತಲೇ ಐವತ್ತೆಂಟು ದಾಟಿದ ಆಕೆ ಮೊದಲ ಸಲ ಚಾಂಪಿಯನ್. ಎದುರಾಳಿಗೆ ಹದಿಮೂರು, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗದು, ಅದಕ್ಕೇ ಎಲ್ಲರ ಬಾಯಲ್ಲೂ ಗುಬ್ಬಿ. ಬಿಳಿ ಕಾಯಿ ಸಿಕ್ಕಾಗಲೆಲ್ಲ ಅವಳು ಆಡುತ್ತಿದ್ದದ್ದು ಒಂದೇ ಓಪನಿಂಗ್, ಅದೇ ಮೊದಲ ನಡೆಗಳ ಸರಣಿ. ತಾಯಿ ಮಗಳು ವಾರವಿಡೀ ಆ ಆಟಗಳನ್ನು ಅರೆದು ಕುಡಿದಿದ್ದರು.

ಈಗ ಹಲಗೆಯ ಮೇಲಿದ್ದದ್ದು ಗುಬ್ಬಿಯ ಓಪನಿಂಗ್ ಅಲ್ಲ, ಅಮ್ಮನದು. ಮೂವತ್ತು ವರ್ಷದ ಹಿಂದೆ ತಾನೇ ಕಟ್ಟಿ, ಒಂದೇ ಒಂದು ಟೂರ್ನಿಯಲ್ಲಿ ಆಡಿ, ಹನ್ನೊಂದನೆಯ ನಡೆಯಲ್ಲಿ ಕುದುರೆಯನ್ನು ಹಿಂದಕ್ಕೆಳೆದು ಸೋತದ್ದು. ಜೊತೆಯವರು ನಕ್ಕ ಮೇಲೆ ಅತ್ತ ತಲೆ ಹಾಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ: ಅಮ್ಮನ ಆಟವನ್ನೂ ಯಾರಾದರೂ ಓದಿಯಾರು ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅಮ್ಮ ಅಂದಿನ ಎದುರಾಳಿಯ ಉತ್ತರಗಳನ್ನೇ ಕೊಡುತ್ತ ಹೋದಳು. ತನ್ನನ್ನು ಸೋಲಿಸಿದ ನಡೆಗಳು ಮರೆತಾವೆಯೇ? ಹನ್ನೊಂದನೆಯದಕ್ಕೆ ಗುಬ್ಬಿ ಕುದುರೆಯನ್ನು ಹಿಂದಕ್ಕೆ ತರಲಿಲ್ಲ. ಹೊಡೆಯುವುದಿದ್ದರೆ ಹೊಡಿ ಎಂಬಂತೆ ಅಲ್ಲೇ ಬಿಟ್ಟು, ಅಂಚಿನ ಕಾಲಾಳನ್ನು ಇನ್ನೊಂದು ಮನೆ ನೂಕಿದಳು. ಕುದುರೆಯನ್ನು ಹೊಡೆದರೆ ರಾಜನಿಗೆ ಉಳಿಗಾಲವಿಲ್ಲ, ಬಿಟ್ಟರೆ ರಾಣಿಗೆ.

ಸೋತು ಹೊರಬಂದ ಅಮ್ಮನ ಮುಖ ನೋಡಲು ಮಗಳಿಗೆ ಅಂಜಿಕೆ. ಅಷ್ಟರಲ್ಲಿ ಗುಬ್ಬಿ ಹಿಂದೆಯೇ ಓಡಿಬಂದು, ಬೇಜಾರಾಯಿತೇ ಎಂದು ಕೇಳಿದಳು.

"ಆ ಹಳೇ ಆಟ ಎಲ್ಲಿ ಸಿಕ್ತೇ ನಿಂಗೆ?" ಎಂದಳು ಅಮ್ಮ.

"ಲೈಬ್ರರೀಲಿ, ಒಂದು ಹಳೇ ಪತ್ರಿಕೇಲಿ. ನಮ್ಮ ಸರ್ ಅದು ಕೆಟ್ಟ ಓಪನಿಂಗ್ ಅಂದ್ರು. ನಂಗೆ ಹಾಗನ್ನಿಸಲಿಲ್ಲ. ಒಂದೇ ಒಂದು ನಡೆ ತಪ್ಪಿತ್ತು, ಆಂಟಿ."

"ಮೂವತ್ತು ವರ್ಷದಿಂದ ನಾನು ಪೂರ್ತಿ ತಪ್ಪು ಅಂದ್ಕೊಂಡಿದ್ದೆ ಕಣೇ," ಎಂದು ಅಮ್ಮ ಅವಳ ತಲೆ ನೇವರಿಸಿದಳು.

ಗುಬ್ಬಿ ಅತ್ತ ಹೋದದ್ದೇ ಮಗಳು ತಡೆದುಕೊಳ್ಳಲಾರದೆ ಸಿಡುಕಿದಳು. ಉತ್ತರವಿಲ್ಲವೆಂದು ಐದೇ ನಿಮಿಷದಲ್ಲಿ ಗೊತ್ತಾಗಿರಬೇಕು, ಮತ್ತೇಕೆ ಹನ್ನೊಂದನೆಯ ನಡೆಯ ಮುಂದೆ ಅಷ್ಟು ಹೊತ್ತು ತಲೆ ಕೆಡಿಸಿಕೊಂಡದ್ದು?

"ಉತ್ತರ ಎಲ್ಲಿ ಹುಡುಕಿದೆ ನಾನು? ಎಷ್ಟು ಚೆನ್ನಾಗಿತ್ತು ಅದು. ನೋಡ್ತಾ ಕೂತಿದ್ದೆ."

ಮಗಳು ಅಮ್ಮನ ಕೈಯಿಂದ, ನಡೆಗಳನ್ನೂ ಸಮಯವನ್ನೂ ಬರೆದಿದ್ದ ಆಟದ ಹಾಳೆ ತೆಗೆದುಕೊಂಡು ನೋಡಿದಳು. ಆ ನಡೆಯ ಮುಂದೆ ಅಮ್ಮ ಕೂತಿದ್ದ ಹೊತ್ತು ನಲವತ್ತೇಳು ನಿಮಿಷ.