ನಾಲ್ಕು ನಿಮಿಷದ ಹಾಡು

"ಈ ಹಾಡು ಬೇಡ ಸಾರ್, ತೆಗೆದುಬಿಡೋಣ," ಎಂದಳು ನಿರ್ದೇಶಕಿ. ಹೊಸ ರಂಗಮಂದಿರದಲ್ಲಿ ತಿರುಗುವ ವೇದಿಕೆ ಬಂದಿತ್ತು. ಗುಂಡಿ ಒತ್ತಿದರೆ ಇಪ್ಪತ್ತೇ ಸೆಕೆಂಡು. ಅಡುಗೆಮನೆ ಹಿಂದಕ್ಕೆ ಹೋಗಿ ರೈಲು ನಿಲ್ದಾಣ ಮುಂದಕ್ಕೆ ಬರುತ್ತಿತ್ತು.

ಮುದುಕನ ಮುಖ ಸಪ್ಪಗಾಯಿತು. ಸಂಗೀತ ನಾಟಕಗಳಿಗೆ ಮೂವತ್ತೆಂಟು ವರ್ಷ ಹಾಡು ಬರೆದವನು ಅವನು. ಒಳಗೆ ಸೆಟ್ ಬದಲಾಯಿಸುವಾಗ ಪ್ರೇಕ್ಷಕರು ಗಲಾಟೆ ಮಾಡದಂತೆ ಪರದೆಯ ಮುಂದೆ ಹಾಡುವ ಹಾಡುಗಳೇ ಅವನ ಕಸುಬು. ಎಲ್ಲರೂ ಕರೆಯುತ್ತಿದ್ದದ್ದೂ ಪರದೆ ಕವಿ ಎಂದೇ. ನಾಟಕದ ಕಥೆ ಕೇಳುವ ಮೊದಲು ಅವನು ಸೆಟ್ ಮೇಸ್ತ್ರಿಯನ್ನು ಕೇಳುತ್ತಿದ್ದ: "ಎಷ್ಟು ನಿಮಿಷ ಬೇಕಯ್ಯಾ?" ಅರಮನೆ ಎಬ್ಬಿಸುವುದಾದರೂ ಮೇಸ್ತ್ರಿ "ನಾಲ್ಕು" ಎನ್ನುತ್ತಿದ್ದ, ಒಂದು ಬೆಂಚು ಎತ್ತಿಡುವುದಾದರೂ ನಾಲ್ಕೇ. ಕವಿಗೆ ಎಂದೂ ಅನುಮಾನ ಬಂದಿರಲಿಲ್ಲ. ಹೇಳಿದಷ್ಟು ನಿಮಿಷಕ್ಕೆ ಅಷ್ಟೇ ಹಾಡು, ಅದು ಅವನ ಲೆಕ್ಕ. ಗಡಿಯಾರ ಮುಂದಿಟ್ಟುಕೊಂಡು ಅಳೆದು ಬರೆದುಕೊಡುತ್ತಿದ್ದ.

ನಿರ್ದೇಶಕಿ ಟೀ ತರಲು ಹೋದದ್ದೇ ತಡ, ಅವನು ವೇದಿಕೆಯ ಹಿಂದೆ ಮೇಸ್ತ್ರಿಯನ್ನು ಹಿಡಿದ.

"ಮೋಟಾರು ಬಿಸಿಯಾಗುತ್ತೆ ಅಂತಲೋ ಏನೋ ಒಂದು ಹೇಳಯ್ಯಾ. ನಾಲ್ಕು ನಿಮಿಷ ಬೇಕು ಅನ್ನು. ನಿನ್ನ ಮಾತನ್ನ ಅವಳು ತಳ್ಳಿಹಾಕಲ್ಲ. ಇದೂ ಹೋದ್ರೆ ಈ ನಾಟಕದಲ್ಲಿ ನನ್ನದು ಅಂತ ಒಂದು ಸಾಲೂ ಉಳಿಯಲ್ಲ."

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಆ ಸುಳ್ಳನ್ನ ಇಷ್ಟು ವರ್ಷ ಹೇಳಿದ್ದು ಸಾಲ್ದಾ?"

"ಯಾವ ಸುಳ್ಳು?"

"ಯಾವ ಸೆಟ್ಟಿಗೂ ನಾಲ್ಕು ನಿಮಿಷ ಬೇಕಿರ್ಲಿಲ್ಲ ಕವಿಗಳೇ. ಹೆಚ್ಚಂದ್ರೆ ಎರಡು. ಬೇಗ ಬೇಗ ಎತ್ತಿಟ್ಟು, ಆಮೇಲೆ ನಾವೆಲ್ಲ ಪರದೆ ಹಿಂದೆ ನಿಂತು ಹಾಡು ಕೇಳ್ತಿದ್ವಿ. ಎರಡು ಅಂದಿದ್ರೆ ನೀವು ಅಷ್ಟೇ ಬರೀತಿದ್ರಿ."

ಪರದೆ ಕವಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅದು ಇಳಿಯಿತು. ಸೆಟ್ಟಿಗೆ ಬೇಕು ಎಂದೇ ನಂಬಿ ಅಷ್ಟೂ ಹಾಡು ಬರೆದಿದ್ದ. ಚೆನ್ನಾಗಿದೆಯೇ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೇಳಲು ಧೈರ್ಯ ಬಂದಿರಲಿಲ್ಲ.

ನಿರ್ದೇಶಕಿ ಟೀ ಲೋಟ ಹಿಡಿದು ಬಂದಳು. "ಮೇಸ್ತ್ರಿ, ಇಪ್ಪತ್ತು ಸೆಕೆಂಡು ಖಾತ್ರಿ ತಾನೇ?"

"ಖಾತ್ರಿ," ಎಂದವನು ಕವಿಯೇ. "ಆದ್ರೂ ಹಾಡು ಇರ್ಲಿ."

"ಸೆಟ್ ಬದಲಾದ ಮೇಲೂ ಹಾಡಾ? ಯಾತಕ್ಕೆ ಸಾರ್?"

ಮೂವತ್ತೆಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಹಾಕಿರಲಿಲ್ಲ.

"ಜನ ಕೇಳ್ಲಿ ಅಂತ ಕಣಮ್ಮಾ."