ಗೇಣುದ್ದ ಉಳಿದ ಸೀರೆ

ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಬಾಳವ್ವನ ಕೈ ನಿಂತಿತು. ಬಾಜು ಕೋಣೆಯಲ್ಲಿ ಗಂಡನ ಮಗ್ಗದ ಸದ್ದು ಮತ್ತೆ ತಾಳ ತಪ್ಪಿತ್ತು. ಎದ್ದು ಹೋಗಿ ನೋಡಿದರೆ ಗುರುಪುತ್ರಪ್ಪ ಎಡಗೈ ಜಾಡಿಸುತ್ತ ಕುಳಿತಿದ್ದ. ಆ ಚಳಿಯಲ್ಲೂ ಅಂಗಿ ಬೆವರಿಗೆ ಒದ್ದೆಯಾಗಿತ್ತು.

“ಮಗ್ಗದ ಹಣಿಗಿ ಬಡದ ಬಡದ ಕೈ ಸೋತೈತಿ. ಎದ್ಯಾಗ ವಾಯು ಹಿಡದೈತಿ, ಅಷ್ಟ. ಗೇಣುದ್ದ ಉಳದೈತಿ, ಮುಗಿಸೇ ಏಳತೀನಿ,” ಅಂದ.

ಅವಳು ಸೀರೆಯ ಮೇಲೆ ಬೆರಳಾಡಿಸಿದಳು. ನಿನ್ನೆ ನೇಯ್ದದ್ದು ಗಟ್ಟಿಯಾಗಿತ್ತು. ಇವತ್ತಿನದು ಬರಬರುತ್ತ ಸಡಿಲವಾಗಿ, ಕೊನೆಯ ನಾಲ್ಕು ಬೆರಳಿನಲ್ಲಂತೂ ಎಳೆಗಳ ನಡುವೆ ಬೆಳಕು ಕಾಣುತ್ತಿತ್ತು. ಮೂವತ್ತು ವರ್ಷದಲ್ಲಿ ಈ ಕೈ ಹೀಗೆ ನೇಯ್ದದ್ದಿಲ್ಲ.

“ಖಾನಾಪುರದ ನಮ್ಮಣ್ಣನೂ ಹಿಂಗ ವಾಯು ಅಂದಿದ್ದ. ಸಂಜೀಕ ಮಣ್ಣ ಮಾಡಿದ್ವಿ. ಏಳ್ರಿ, ಟಾಂಗಾ ಮಾಡ್ಕೊಂಡು ದವಾಖಾನಿಗೆ ಹೋಗೂಣು.”

“ಮೊದಲ ಸೀರಿ ಮುಗೀಲಿ.” ಅವನು ಲಾಳಿಯ ಹಗ್ಗಕ್ಕೆ ಕೈ ಹಾಕಿದ.

ಮುಗಿಯದ ಸೀರೆಗೆ ಕತ್ತರಿ ಹಾಕಿದ ಹೆಂಗಸು ವಡಗಾವಿಯ ಆ ನೇಕಾರರ ಓಣಿಯಲ್ಲಿ ಯಾರೂ ಇರಲಿಲ್ಲ. ಬಾಳವ್ವ ಗೂಟದ ಮೇಲಿನ ಕತ್ತರಿ ತೆಗೆದುಕೊಂಡು, ಮಗ್ಗದ ಮೇಲೆ ಬಿಗಿದಿದ್ದ ಎಳೆಗಳನ್ನು ಈ ಅಂಚಿನಿಂದ ಆ ಅಂಚಿನವರೆಗೆ ಕತ್ತರಿಸಿಬಿಟ್ಟಳು.

“ಮುಗೀತು. ಈಗ ಏಳ್ರಿ.”